ನಾಲ್ಕು ಸಿಸ್ಟೀನ್ ಕಣ್ಣಮುಂದೆ ಅದಾವ, ಗ್ರೆಪ್‌ಗೆ ಮಾತ್ರ ಸಿಗವಲ್ದು

ಬಿಸಿಲೂರ_ಹುಡುಗ, ಕಲಬುರಗಿ:
ಮೂರು ದಿನ ಆತ್ರಿ, ತಲಿ ಕೆಟ್ಟು ಹೋಗ್ಯಾದ. ಮನುಷ್ಯನ ಪ್ರೋಟೀನ್ ಫೈಲಿನಾಗಿಂದ (ಒಂದೊಂದು ಅಮೈನೊ ಆಮ್ಲಕ್ಕ ಒಂದೊಂದು ಅಕ್ಷರ, ಸಿಸ್ಟೀನ್‌ಗೆ ಸಿ) ಕೀಮೋಕೈನ್ ಕುಟುಂಬ, ಅಂದ್ರ ರೋಗನಿರೋಧಕ ಕೋಶ ಕರಿಯೋ ಸಣ್ಣ ಪ್ರೋಟೀನ್, ಗ್ರೆಪ್ ಅನ್ನೋ ಅಕ್ಷರ ಹುಡುಕೋ ಕಮಾಂಡಿನಿಂದ ಬ್ಯಾರೆ ಮಾಡ್ಲಾಕತ್ತೀನಿ. ಬರೇ ಸಿಸಿ ಅಂತ ಹುಡುಕಿದ್ರ ಮೆಟಲೋಥಯೊನೀನ್ ಅಂಥ ಸಿಸ್ಟೀನ್ ತುಂಬಿದ ಬ್ಯಾರೆ ಪ್ರೋಟೀನ್ ಅದು ಇದು ರಾಶಿ ಬೀಳ್ತದ. ನಾಲ್ಕೂ ಸಿಸ್ಟೀನ್ ಸೇರಿಸಿ ಬರದ್ರ ಗೊತ್ತಿರೋ ಕೀಮೋಕೈನ್ ಸಿಸಿಎಲ್2 ಇಲ್ಲ, ಸಿಎಕ್ಸ್‌ಸಿಎಲ್8 ಇಲ್ಲ. ಸೋಮವಾರ ಗೈಡ್‌ಗೆ ತೋರಿಸಬೇಕು. ಪ್ಯಾಟರ್ನ್ ಸರಿ ಅದ, ಹತ್ತು ಸಲ ನೋಡೀನಿ.

ಬೀದರ್_ಕೋಟೆ:
ಪ್ರೋಟೀನ್ ಪ್ಯಾಟರ್ನ್ ಡೇಟಾಬೇಸ್ ಪ್ರೊಸೈಟ್‌ದ್ದು ಹಂಗೇ ಎತ್ತಿ ಹಾಕೀರೇನು? ಅಲ್ಲಿ ಎಕ್ಸ್ ಅಂದ್ರ ಯಾವ ಅಮೈನೊ ಆಮ್ಲಾದ್ರೂ ನಡೀತದ. ಗ್ರೆಪ್‌ಗೆ ಅಲ್ಲಿ ಚುಕ್ಕಿ ಬೇಕು, ನಡುವಿನ ಅಡ್ಡಗೆರಿ ತೆಗೀಬೇಕು.

ಬಿಸಿಲೂರ_ಹುಡುಗ:
ಮಾಡೀನ್ರಿ ಅದೆಲ್ಲ. ಸಿಸಿ, 21ರಿಂದ 24 ಚುಕ್ಕಿ, ಸಿ, 15 ಚುಕ್ಕಿ, ಸಿ. ಸಿಎಕ್ಸ್‌ಸಿಗೆ ಮೊದಲೆರಡು ಸಿಸ್ಟೀನ್ ನಡುವ ಒಂದು ಚುಕ್ಕಿ.

ತೊಗರಿ_ಕಣಜ:
ಮೊದ್ಲು ಸಿಗ್ನಲ್ ಪೆಪ್ಟೈಡ್ (ಪ್ರೋಟೀನಿನ ಸುರುವಾತಿನಾಗಿದ್ದು ಆಮ್ಯಾಲೆ ಕತ್ತರಿಸಿ ಹೋಗೋ ತುಂಡು) ತೆಗೀರಿ. ಸಿಸಿಎಲ್2ದಾಗ ಮೊದಲಿನ 23 ಕತ್ತರಿಸಿ ಹೋಗ್ತಾವ.

ಬೀದರ್_ಕೋಟೆ:
ಮುಂದ 23 ಅಕ್ಷರ ಇದ್ರ ಹುಡುಕೋದಕ್ಕ ಏನ್ರಿ ಅಡ್ಡಿ?

ಬಿಸಿಲೂರ_ಹುಡುಗ:
23 ತೆಗದು ಪೈಥಾನಿನ ಲೈಬ್ರರಿ ಬಯೋಪೈಥಾನ್‌ದಾಗ ಮತ್ತ ಫಾಸ್ಟಾ (ಪ್ರೋಟೀನ್ ಅಕ್ಷರಗಳ ಫೈಲು) ಬರೆಸಿದೆ. ಸಿಸಿಎಲ್2 ಸಿಕ್ತು!

ತೊಗರಿ_ಕಣಜ:
ನಾ ಹೇಳಿದ್ದಿಲ್ಲೇನು? ಎಲ್ಲಾ ಪ್ರೋಟೀನಿಗೂ ಹಿಂಗೇ ಮಾಡ್ರಿ.  

ಶಹಾಪುರ_ಬೆಟ್ಟ, ಯಾದಗಿರಿ:
ಐಎಲ್-6 ಅನ್ನೋ ಸೈಟೊಕೈನ್ (ಕೋಶಗಳ ನಡುವ ಸಂದೇಶ ಒಯ್ಯೋ ಪ್ರೋಟೀನ್) ಕುಟುಂಬಕ್ಕ ಡಬ್ಲ್ಯೂಎಸ್‌ಎಕ್ಸ್‌ಡಬ್ಲ್ಯೂಎಸ್ ಹುಡುಕಿದ್ರ ಸಾಕಲ್ಲ?

ಬೀದರ್_ಕೋಟೆ:
ಅದು ಸೈಟೊಕೈನ್ ಹಿಡಿಯೋ ರಿಸೆಪ್ಟರಿನ ಗುರುತ್ರಿ, ಸೈಟೊಕೈನ್‌ದಲ್ಲ. ಆ ಕುಟುಂಬ ನಾಲ್ಕು ಹೀಲಿಕ್ಸಿನ (ಸುರುಳಿ) ಕಟ್ಟು, ಆಕಾರ ಹೋಲ್ತದ, ಅಕ್ಷರ ಅಷ್ಟು ಹೋಲಂಗಿಲ್ಲ. ಅದಕ್ಕ ಬ್ಯಾರೆ ಚರ್ಚೆ ತೆಗೀರಿ.
ಕಲಬುರಗಿಯವರೇ, ಫೈಲು ಪ್ರೋಟೀನ್ ಡೇಟಾಬೇಸ್ ಯೂನಿಪ್ರಾಟ್‌ದೇನು? ಸಾಲಿಗೆ 60 ಅಕ್ಷರ ಅದಾವೇನು?

ಬಿಸಿಲೂರ_ಹುಡುಗ:
ಹೌದ್ರಿ. ಎಲ್ಲಾರದೂ ಹಂಗೇ ಇರ್ತದಲ್ಲ?

ಬೀದರ್_ಕೋಟೆ:
ಅಲ್ಲೇ ಅದ ನೋಡ್ರಿ. ಗ್ರೆಪ್ ಒಂದೊಂದೇ ಸಾಲು ನೋಡ್ತದ. ಬೆರಳಿಟ್ಟು ಎಣಿಸೀನಿ: ಸಿಸಿಎಲ್2ದಾಗ ಸಿಸ್ಟೀನ್ 34, 35, 59, 75. ಕಡೀದು ಎರಡನೇ ಸಾಲಿಗೆ ಬಿತ್ತು. ಸಿಎಕ್ಸ್‌ಸಿಎಲ್8ದಾಗ 34, 36, 61, 77. ಮೂರನೇದು ಎರಡನೇ ಸಾಲಿನ ಮೊದಲನೇ ಅಕ್ಷರ! ನೀವು 23 ತೆಗದಾಗ 75 ಇದ್ದದ್ದು 52 ಆತು, ನಾಲ್ಕೂ ಒಂದೇ ಸಾಲಿಗೆ ಬಂದ್ವು. ಸಿಕ್ಕಿದ್ದು ಅದಕ್ಕ, ಪೆಪ್ಟೈಡ್ ತೆಗದದ್ದಕ್ಕಲ್ಲ. ಸೆಕ್‌ಕಿಟ್ ಅನ್ನೋ ಟೂಲಿನಾಗ ಸಾಲಿನ ಅಗಲ ಸೊನ್ನೆ ಕೊಡ್ರಿ, ಒಂದು ಪ್ರೋಟೀನಿಗೆ ಒಂದೇ ಸಾಲು ಆಗ್ತದ.

ತೊಗರಿ_ಕಣಜ:
ಆದ್ರೂ ಸಿಗ್ನಲ್ ಪೆಪ್ಟೈಡ್ ತೆಗದು ಮಾಡೋದೇ ಪದ್ಧತಿ.

ಬಿಸಿಲೂರ_ಹುಡುಗ:
ಏನೂ ಕತ್ತರಿಸಲಾರದೇ ಎರಡೂ ಬಂದ್ವು! ಭಾಳ ಉಪಕಾರ ಆತ್ರಿ ಅಣ್ಣಾರ. ಇನ್ನ ಎರಡು ಸಂಶಯ. ಸಿಎಕ್ಸ್‌ಸಿಎಲ್8ದಾಗ ಇಎಲ್‌ಆರ್ ಅನ್ನೋ ಮೂರಕ್ಷರ ಎರಡು ಕಡೆ ಬರ್ತದ. ಎಕ್ಸ್‌ಸಿಎಲ್1 ಅನ್ನೋ ಕೀಮೋಕೈನ್ ಅಂತೂ ಇನ್ನೂ ಬಂದಿಲ್ಲ.

ಬೀದರ್_ಕೋಟೆ:
ಸಿಎಕ್ಸ್‌ಸಿಗೆ ಹತ್ತಿಕೊಂಡು ಮುಂದ ಇರೋ ಇಎಲ್‌ಆರ್ ಅಷ್ಟೇ ಲೆಕ್ಕ. ನ್ಯೂಟ್ರೊಫಿಲ್ (ಒಂದು ಬಗೆ ಬಿಳಿ ರಕ್ತಕಣ) ಕರಿಯೋ ಗುಂಪಿನ ಗುರುತು ಅದು. 51ರಿಂದ ಸುರು ಆಗೋದು ಬಿಟ್ಟುಬಿಡ್ರಿ. ಎಕ್ಸ್‌ಸಿಎಲ್1ಕ್ಕ ಆ ನಾಲ್ಕರಾಗ ಒಂದನೇದು, ಮೂರನೇದು ಇಲ್ಲೇ ಇಲ್ಲ, ನಿಮ್ಮ ಪ್ಯಾಟರ್ನ್‌ಗೆ ಹೆಂಗ ಸಿಗಬೇಕು? ಪ್ರೋಟೀನ್ ಕುಟುಂಬಗಳ ಡೇಟಾಬೇಸ್ ಪಿಫ್ಯಾಮ್‌ದ ಪಿಎಫ್00048 ಪ್ರೊಫೈಲ್ (ಕೀಮೋಕೈನ್ ಕುಟುಂಬದ ಮಾದರಿ) ತಗೊಂಡು, ಮಾದರಿ ಹಿಡ್ದು ಹುಡುಕೋ ಹ್ಯಾಮರ್ ಪ್ರೋಗ್ರಾಂ ಓಡಸ್ರಿ. ಸೋಮವಾರಕ್ಕ ಇನ್ನೂ ಟೈಮ್ ಅದ.