ಮಾವನ ಹಳೇ ಗೇಮ್ ಮಷೀನಿನ ಆಟವನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಬೇಕು, ದಾರಿ ಹೇಳಿ

ಪೊನ್ನಂಪೇಟೆಯವ:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಗೋಣಿಕೊಪ್ಪದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಮೂರು ಮಷೀನ್ ಇತ್ತು. ಎರಡು ಗುಜರಿಗೆ ಹೋಯಿತು. ಉಳಿದದ್ದು, ಅದರಲ್ಲಿನ ಒಂದು ಪಾತ್ರದ ಹೆಸರಿನಿಂದ ನಾವೆಲ್ಲ 'ಮುಸ್ತಫಾ' ಅಂತಲೇ ಕರೆಯುತ್ತಿದ್ದ ಆಟ. ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿಯದು, 1993ರದು. ನಮ್ಮದು ಕಾಪಿ ಬೋರ್ಡ್, ಅಂದರೆ ಆಟ ಇರುವ ಸರ್ಕ್ಯೂಟ್ ಬೋರ್ಡಿನ ನಕಲು. ಹದಿನೈದು ವರ್ಷ ಕಾಫಿ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು.

ಈ ಬೇಸಿಗೆಯಲ್ಲಿ ಹೊರಗೆ ತೆಗೆದೆ. ನಮ್ಮ ಕಡೆ ಮಳೆಗಾಲ ಹೇಗೆ ಅಂತ ಗೊತ್ತಲ್ವಾ, ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಪೆನ್ಸಿಲ್ ರಬ್ಬರಿನಿಂದ ಒಂದೊಂದನ್ನೇ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಆನ್ ಮಾಡಿದರೆ ಆಟ ಶುರುವಾಗಿ ಎರಡು ನಿಮಿಷಕ್ಕೆ ರೀಸೆಟ್ ಆಗುತ್ತಿತ್ತು. ಮೀಟರ್ ಹಿಡಿದು ನೋಡಿದೆ, 5 ವೋಲ್ಟ್ ಇರಬೇಕಾದ ಕಡೆ 4.7 ಇತ್ತು. ಪವರ್ ಸಪ್ಲೈ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಸರಿ ಮಾಡಿದ ಮೇಲೆ ನಿಂತಿಲ್ಲ.

ಮಾವನಿಗೆ ಈಗ ಎಪ್ಪತ್ತೊಂದು. ಕಾಫಿ ಲೋಟ ಎತ್ತುವಾಗ ಕೈ ನಡುಗುತ್ತದೆ. ಆದರೆ ಮಷೀನ್ ಮುಂದೆ ನಿಂತು, ಜಾಯ್‌ಸ್ಟಿಕ್ಕಿನ ಗುಂಡನ್ನು ಉಂಗುರ ಬೆರಳು ಮತ್ತು ನಡುಬೆರಳಿನ ಮಧ್ಯೆ ಸಿಕ್ಕಿಸಿಕೊಂಡ ಕೂಡಲೇ ನಡುಕ ನಿಲ್ಲುತ್ತದೆ. ಮುಸ್ತಫಾನನ್ನು ಓಡಿಸಿ ಬಂದು ಒದೆಯುವ ಆ ಲಯ ಹಾಗೇ ಇದೆ. ಒಂದೇ ಕಾಯಿನ್ನಿನಲ್ಲಿ ಈಗಲೂ ತುಂಬಾ ದೂರ ಹೋಗುತ್ತಾರೆ. ಅದನ್ನು ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ.

ಫೋನಿನಲ್ಲಿ ತೆಗೆದರೆ ಪರದೆ ಮೇಲೆ ಕಪ್ಪು ಪಟ್ಟಿ ಉರುಳುತ್ತದೆ. ಕಿಟಕಿಯ ಬೆಳಕೂ ಬೀಳುತ್ತದೆ. ಸೌಂಡ್ ಆದರೂ ಸಿಗಲಿ ಅಂತ ಸ್ಪೀಕರ್ ತಂತಿಯನ್ನು ಹಳೇ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟೆ. ಮೈಕ್ ಅಲ್ಲೇ ಸತ್ತುಹೋಯಿತು. ಇನ್ನು ಅಂದಾಜಿನ ಮೇಲೆ ಏನೂ ಮುಟ್ಟಲ್ಲ. ಬೋರ್ಡನ್ನು ಮಷೀನಿಗೆ ಸೇರಿಸುವುದು ಮೇಲೆ 28, ಕೆಳಗೆ 28 ಪಿನ್ ಇರುವ ಜಾಮಾ ಕನೆಕ್ಟರ್ ಅಂತ ಗೊತ್ತು. ಅದರಿಂದ ಕಂಪ್ಯೂಟರಿಗೆ ಚಿತ್ರ ತರೋದು ಹೇಗೆ?

ಸೋಮವಾರಪೇಟೆ ಕಾಳುಮೆಣಸು:

ಅಣ್ಣ, ಇಷ್ಟು ಕಷ್ಟ ಯಾಕೆ? ಹಳೇ ಮಷೀನ್ ಆಟಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ ಮೇಮ್ ಅನ್ನೋ ಸಾಫ್ಟ್‌ವೇರ್ ಹಾಕಿ. ಆಡಿದ್ದನ್ನು ವಿಡಿಯೋ ಮಾಡುವ ಆಯ್ಕೆ ಅದರಲ್ಲೇ ಇದೆ. ಒಂದು ಯುಎಸ್‌ಬಿ ಜಾಯ್‌ಸ್ಟಿಕ್ ತಂದುಕೊಟ್ಟರೆ ಮಾವ ಅದರಲ್ಲೇ ಆಡಲಿ.

ಪೊನ್ನಂಪೇಟೆಯವ:

ಅದನ್ನೂ ಮಾಡಿ ನೋಡಿದೆ. ಮಾವ ಐದು ನಿಮಿಷ ಆಡಿ ಎದ್ದರು. ಮೇಜಿನ ಮೇಲೆ ಆ ಪೆಟ್ಟಿಗೆ ಜಾರುತ್ತದೆ, ಕೂತು ಆಡಿ ಅವರಿಗೆ ಅಭ್ಯಾಸವೂ ಇಲ್ಲ. ಈ ಮಷೀನಿನಲ್ಲಿ ಎರಡನೇ ಬಟನ್ ಸ್ವಲ್ಪ ಬಿಗಿ, ಅದಕ್ಕೆ ಅವರ ಹೆಬ್ಬೆರಳು ಒಗ್ಗಿಹೋಗಿದೆ. ನನಗೆ ಬೇಕಾದದ್ದು ಇದೇ ಮಷೀನಿನಲ್ಲಿ ಅವರು ಆಡಿದ್ದು.

ಕುಶಾಲನಗರ ಟಿವಿ ರಿಪೇರಿ:

ನಾನು ಇಪ್ಪತ್ತು ವರ್ಷದಿಂದ ಟಿವಿ ಬಿಚ್ಚುತ್ತಿದ್ದೇನೆ, ಗೇಮ್ ಬೋರ್ಡೂ ಮಾಡಿದ್ದೇನೆ. ಮೊದಲು ಒಂದು ಮಾತು. ಪಿಕ್ಚರ್ ಟ್ಯೂಬಿನ ಹಿಂದೆ ಕೈ ಹಾಕಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಟ್ಯೂಬಿನಲ್ಲಿ ಉಳಿದಿರುತ್ತದೆ. ಎರಡನೆಯದು, ಹಳೇ ಮಾನಿಟರುಗಳಲ್ಲಿ ಎಷ್ಟೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಮಾನಿಟರನ್ನು ಮನೆಯ ಕರೆಂಟ್ ಲೈನಿನಿಂದ ಬೇರ್ಪಡಿಸುವುದು) ಮೂಲಕವೇ ಓಡಬೇಕಾದವು. ಯಾರೋ ಅದನ್ನು ಕಿತ್ತು ನೇರ 230 ವೋಲ್ಟಿಗೆ ಕೊಟ್ಟಿದ್ದರೆ, ಮಾನಿಟರಿನ ಗ್ರೌಂಡಿನಲ್ಲೇ ಕರೆಂಟ್ ಇರುತ್ತದೆ. ಆ ಗ್ರೌಂಡನ್ನು ಲ್ಯಾಪ್‌ಟಾಪಿಗೆ ಸೇರಿಸಿದರೆ ಜೀವಕ್ಕೇ ಅಪಾಯ. ಟ್ರಾನ್ಸ್‌ಫಾರ್ಮರ್ ಇದೆಯಾ ಅಂತ ಗೊತ್ತಿದ್ದವರಿಂದ ನೋಡಿಸಿ, ಆಮೇಲೆ ಮುಂದಕ್ಕೆ ಹೋಗಿ.

ಫೋನಿನಲ್ಲಿ ಪಟ್ಟಿ ಬರೋದು ಯಾಕೆ ಅಂದ್ರೆ, ಈ ಆಟ ಸೆಕೆಂಡಿಗೆ ಸುಮಾರು 59.6 ಸಲ ಪರದೆ ಬರೆಯುತ್ತದೆ, ಫೋನು 30 ಅಥವಾ 60 ಸಲ ತೆಗೆಯುತ್ತದೆ. ತಾಳ ಕೂಡಲ್ಲ. ಹಾಗಾಗಿ ಚಿತ್ರವನ್ನು ಪರದೆಯಿಂದ ಅಲ್ಲ, ತಂತಿಯಿಂದಲೇ ತೆಗೆಯಬೇಕು.

ಜಾಮಾದಲ್ಲಿ ಬಿಡಿಭಾಗ ಇರುವ ಬದಿಯ 12ನೇ ಪಿನ್ ಕೆಂಪು, 13 ನೀಲಿ, 14 ವಿಡಿಯೋ ಗ್ರೌಂಡ್. ಬೆಸುಗೆ ಬದಿಯಲ್ಲಿ 'ಎನ್' ಹಸಿರು, 'ಪಿ' ಸಿಂಕ್, ಅಂದರೆ ಚಿತ್ರದ ಗೆರೆಗಳ ತಾಳ ಹಿಡಿಯುವ ಸಿಗ್ನಲ್. ಈ ಐದು ತಂತಿ ಸಾಕು. ಆದರೆ ಬೋರ್ಡಿನ ಬಣ್ಣದ ಸಿಗ್ನಲ್ ಜೋರು. ಅದು ಕೆಲವು ವೋಲ್ಟ್ ಇರುತ್ತದೆ, ಕಂಪ್ಯೂಟರ್ ಕಡೆಯ ಸಾಮಾನಿಗೆ ಬೇಕಾದದ್ದು 0.7 ವೋಲ್ಟ್ ಮಾತ್ರ. ಒಂದೊಂದು ಬಣ್ಣಕ್ಕೂ 1 ಕಿಲೋ ಓಮ್ ಪ್ರೀಸೆಟ್ (ಸ್ಕ್ರೂ ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಪೂರ್ತಿ ರೆಸಿಸ್ಟೆನ್ಸಿನಿಂದ ಶುರು ಮಾಡಿ ನಿಧಾನ ಇಳಿಸಿ. ಲೆಕ್ಕ ಬೇಕಿದ್ದರೆ, ಆ ಕಡೆ 75 ಓಮ್ ಇರುತ್ತದೆ. 470 ಓಮ್ ಸರಣಿಯಲ್ಲಿ ಹಾಕಿದರೆ 5 ವೋಲ್ಟ್ ಕೂಡ ಸುಮಾರು 0.69ಕ್ಕೆ ಇಳಿಯುತ್ತದೆ. ಸಿಂಕ್ ತಂತಿಗೂ ಒಂದು 470 ಹಾಕಿ.

ಈ ಸಿಗ್ನಲ್ಲಿನ ಅಡ್ಡಗೆರೆ ವೇಗ 15 ಕಿಲೋಹರ್ಟ್ಸ್ ಚಿಲ್ಲರೆ. ಕಂಪ್ಯೂಟರ್ ಮಾನಿಟರಿಗೆ ಕಡಿಮೆ ಅಂದರೂ 31 ಬೇಕು. ಮಧ್ಯೆ ಈ ವೇಗ ಏರಿಸುವ ಜಿಬಿಎಸ್ 8200 ಅನ್ನೋ ಬೋರ್ಡ್ ಹಾಕಿ, ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಅದು ಬಂದ ಹಾಗೇ ಬಳಸಿದರೆ ಇಂಥ ಆಟದ ಚಿತ್ರವನ್ನು ಟಿವಿ ಚಿತ್ರ ಅಂತ ತಿಳಿದು ಕಲಸಿಬಿಡುತ್ತದೆ. ಅದಕ್ಕೆ ಇಎಸ್‌ಪಿ 8266 ಅನ್ನೋ ಸಣ್ಣ ವೈಫೈ ಬೋರ್ಡ್ ಜೋಡಿಸಿ ಜಿಬಿಎಸ್ ಕಂಟ್ರೋಲ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ. ಗೆರೆಗಳು ಒಡೆಯದೆ ನಿಲ್ಲುತ್ತವೆ. ದುಡ್ಡು ಇದ್ದರೆ ಇದೇ ಕೆಲಸಕ್ಕೆ ಓಎಸ್‌ಎಸ್‌ಸಿ ಅನ್ನೋ ರೆಡಿ ಪೆಟ್ಟಿಗೆ ತಗೊಳ್ಳಿ, ಜಾಸ್ತಿ ಕೆಲಸ ಇಲ್ಲ.

ಜಿಬಿಎಸ್ ಬೋರ್ಡಿನಿಂದ ವಿಜಿಎ ಟು ಎಚ್‌ಡಿಎಂಐ ಕನ್ವರ್ಟರ್, ಆಮೇಲೆ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ, ಕಂಪ್ಯೂಟರಿನಲ್ಲಿ ಓಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಅಗ್ಗದ ಕಡ್ಡಿಗಳು 1080ರಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ ಕೊಡುತ್ತವೆ. 720ಕ್ಕೆ ಇಳಿಸಿ 60 ಇಡಿ. ಇದು ಮುಖ್ಯ. ಹಳೇ ಆಟಗಳಲ್ಲಿ ಮಿನುಗುವ ವಸ್ತುಗಳು ಒಂದು ಚಿತ್ರ ಬಿಟ್ಟು ಒಂದರಲ್ಲಿ ಬರುತ್ತವೆ. 30ರಲ್ಲಿ ತೆಗೆದರೆ ಅವು ಪೂರ್ತಿ ಮಾಯವಾಗಬಹುದು. ಚಿತ್ರ ಅಡ್ಡಕ್ಕೆ ಎಳೆದಂತೆ ಕಂಡರೆ ಓಬಿಎಸ್‌ನಲ್ಲಿ ಅಗಲ 960, ಎತ್ತರ 720 ಮಾಡಿ.

ಸೌಂಡಿಗೆ ಕಾರ್ ಸ್ಟೀರಿಯೋ ಅಂಗಡಿಯಲ್ಲಿ, ಸ್ಪೀಕರಿನ ಜೋರು ಸಿಗ್ನಲ್ ಇಳಿಸುವ 'ಹೈ ಟು ಲೋ ಕನ್ವರ್ಟರ್' ಕೇಳಿ. ಸ್ಪೀಕರ್ ತಂತಿ ಅದಕ್ಕೆ, ಅದರಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೆ, ಮೈಕ್ ತೂತಿಗಲ್ಲ. ಸ್ಪೀಕರಿನ ಮೈನಸ್ ತಂತಿಯನ್ನು ಗ್ರೌಂಡಿಗೆ ಸೇರಿಸಬೇಡಿ, ಕೆಲವು ಬೋರ್ಡಿನಲ್ಲಿ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ.

ಪೊನ್ನಂಪೇಟೆಯವ:

ಸರ್, ಮೂರು ವಾರ ಆಯಿತು. ನೀವು ಹೇಳಿದ ಹಾಗೇ ಮಾಡಿದೆ, ಚಿತ್ರ ಬಂತು! ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇತ್ತು, ವಿರಾಜಪೇಟೆಯ ಎಲೆಕ್ಟ್ರಿಷಿಯನ್ ನೋಡಿ ಸರಿ ಇದೆ ಅಂದರು. ಮೊದಲ ದಿನ ಎಲ್ಲ ಹಸಿರು ನೀಲಿ, ಕೆಂಪೇ ಇಲ್ಲ. 12ನೇ ಪಿನ್ನಿನ ಕಿಲುಬು ಪೂರ್ತಿ ಹೋಗಿರಲಿಲ್ಲ. ಉಜ್ಜಿದೆ, ಬಂತು.

ನಿನ್ನೆ ಮಾವ ನಲವತ್ತು ನಿಮಿಷ ಆಡಿದರು. ಓಬಿಎಸ್‌ನಲ್ಲಿ ಒಂದು ಮೂಲೆಗೆ ವೆಬ್‌ಕ್ಯಾಮ್ ಕೂಡ ಇಟ್ಟು ಅವರ ಕೈಗಳನ್ನೂ ತೆಗೆದೆ. ಆಮೇಲೆ ಇಬ್ಬರೂ ಕೂತು ನೋಡಿದೆವು. ಅವರು ಒಂದು ಕಡೆ ನಿಲ್ಲಿಸು ಅಂದರು. ಪರದೆಗೆ ಬೆರಳಿಟ್ಟು, "ಇಲ್ಲಿ ನಾನು ಮೇಲಕ್ಕೆ ಸರೀಬೇಕಿತ್ತು, ಮೊದಲಾಗಿದ್ರೆ ಸರೀತಿದ್ದೆ" ಅಂದರು. ಭಾನುವಾರ ಮತ್ತೆ ಆಡುತ್ತಾರಂತೆ.

ಸೌಂಡಿನಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು ಇದೆ. ಅದನ್ನು ತೆಗೆಯೋದು ಹೇಗೆ?

ಕುಶಾಲನಗರ ಟಿವಿ ರಿಪೇರಿ:

ತುಂಬಾ ಖುಷಿ ಆಯಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಗ್ರೌಂಡ್ ಸೇರಿ ಬರುವ ಸದ್ದು, ಭಾನುವಾರ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ನಿಲ್ಲದಿದ್ದರೆ ಸ್ಪೀಕರ್ ತಂತಿಯನ್ನು ಪವರ್ ಸಪ್ಲೈಯಿಂದ ಒಂದು ಗೇಣು ದೂರ ಎಳೆದು ಕಟ್ಟಿ. ಮಾವನ ಕೈ ತೆಗೆದ ವಿಡಿಯೋ ನನಗೂ ಕಳಿಸಿ.