ಎಂಟನೇ ಕ್ಲಾಸ್ ಮಗಳಿಗೆ ಲೈಬ್ರರಿಯಿಂದ ಯಾವ ಕನ್ನಡ ಕಾದಂಬರಿ ತರ್ಲಿ?

ಪುಸ್ತಕದ_ಹುಳ: ನಮ್ಮೂರ ಲೈಬ್ರರಿಗೆ ಹೊಸ ಪುಸ್ತಕ ಬಂದಿವೆ, ಇನ್ನೂ ಕಟ್ಟು ಬಿಚ್ಚಿ ಸೀಲ್ ಹಾಕ್ತಾ ಇದಾರೆ. ಮಗಳಿಗೆ 13, ಪುಟ್ಟ ಮಕ್ಕಳ ಕತೆ ಕೊಟ್ರೆ ಮೂತಿ ತಿರುಗಿಸ್ತಾಳೆ, ದೊಡ್ಡವರ ಕಾದಂಬರಿ ಕೊಟ್ರೆ ಹತ್ತು ಪುಟಕ್ಕೇ ನಿದ್ದೆ, ಏನ್ ಮಾಡ್ಲಿ ಹೇಳಿ.

ಮಲೆನಾಡ್_ಮಳೆ: ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' ಬಂದಿದ್ಯಾ ನೋಡಿ, 2023ರ ಬಾಲ ಸಾಹಿತ್ಯ ಪುರಸ್ಕಾರ ಅದಕ್ಕೇ ಬಂದಿದ್ದು. ಅದರ ಹಿಂದಿನ ವರ್ಷ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ. ಎರಡೂ ಕಾದಂಬರಿನೇ.

ಸುಮ್ನೆ_ಒಬ್ಬ: ಪ್ರಶಸ್ತಿ ನೋಡಿ ಕೊಟ್ರೆ ಮಕ್ಕಳು ಓದಲ್ಲ ಸಾರ್ 😄 ಹೊಸದೇ ಬೇಕು ಅಂತ ಹಠ ಯಾಕೆ, ತೇಜಸ್ವಿ 'ಕರ್ವಾಲೊ' ಕೊಡಿ, 1980ರದ್ದು, ಆದ್ರೆ ಹಾರೋ ಓತಿ ಹುಡುಕ್ಕೊಂಡು ಎಲ್ಲರೂ ಕಾಡಿಗೆ ಹೊರಡೋದು, ಮಂದಣ್ಣನ ಅವತಾರ, ಕಿವಿ ಅನ್ನೋ ನಾಯಿ, ನಾನು ಹತ್ತನೇ ಕ್ಲಾಸ್ ಪರೀಕ್ಷೆ ಹಿಂದಿನ ದಿನ ಓದಿ ಬೈಸ್ಕೊಂಡಿದ್ದೆ. ಅದು ಹಿಡಿಸಿದ್ರೆ 'ಜುಗಾರಿ ಕ್ರಾಸ್', ಅದಂತೂ ಪಕ್ಕಾ ಥ್ರಿಲ್ಲರ್.

ಮಲೆನಾಡ್_ಮಳೆ: ಒಪ್ದೆ, ಆದ್ರೆ ಜುಗಾರಿ ಕ್ರಾಸ್ ಇನ್ನೆರಡು ವರ್ಷ ಬಿಟ್ಟು ಕೊಟ್ರೆ ವಾಸಿ.

ಪುಸ್ತಕದ_ಹುಳ: ಕರ್ವಾಲೊ ತಂದೆ. ಅವಳಿಗಿಂತ ಮುಂಚೆ ಅವರಮ್ಮನೇ ಹಿಡ್ಕೊಂಡು ಕೂತಿದಾಳೆ, ಸರದಿ ಬರೋ ತನಕ ಇವಳು ಬಾವಲಿ ಗುಹೆ ಶುರು ಮಾಡಿದಾಳೆ.