ಸ್ವಂತ ಹೊಲದ ಕಡಲೆಕಾಯಿಯನ್ನು ಬಿತ್ತನೆಗೆ ಮಾರಿದರೆ ಕೇಸು ಬೀಳುತ್ತಾ?

ಪ್ರಶ್ನೆ (ಪಾವಗಡ ಕಡೆಯ ರೈತರು):
ವಕೀಲರೇ, ನಮಸ್ಕಾರ. ಮೂರು ವರ್ಷದ ಹಿಂದೆ ಆಂಧ್ರದ ಕಡೆಯಿಂದ ಒಂದು ಹೊಸ ತಳಿಯ ಕಡಲೆಕಾಯಿ ತಂದು ಹಾಕಿದ್ದೆ. ಇಳುವರಿ ಚೆನ್ನಾಗಿ ಬಂತು. ಅಲ್ಲಿಂದ ಅದರಲ್ಲೇ ಬಿತ್ತನೆಗೆ ಎತ್ತಿಟ್ಟುಕೊಳ್ಳುತ್ತಿದ್ದೇನೆ. ಈ ಸಲ ಅಕ್ಕಪಕ್ಕದವರು ಕೇಳಿದರು ಅಂತ ಎಂಟು ಮೂಟೆ ಕೊಟ್ಟೆ, ಮಂಡಿ ರೇಟಿಗಿಂತ ಸ್ವಲ್ಪ ಜಾಸ್ತಿಗೆ. ಈಗ ಬೀಜದ ಅಂಗಡಿಯವರೊಬ್ಬರು, ‘ಅದು ರಿಜಿಸ್ಟರ್ ಆಗಿರೋ ತಳಿ, ನೀನು ಮಾರೋ ಹಾಗಿಲ್ಲ. ಡಬ್ಲ್ಯೂಟಿಒ ಕಾನೂನು ಇದೆ, ಕೋಟಿ ಲೆಕ್ಕದಲ್ಲಿ ದಂಡ’ ಅಂತ ಹೆದರಿಸಿದ್ದಾರೆ. ನಿಜವೇ?

ಉತ್ತರ (ತುಮಕೂರಿನ ವಕೀಲರು):
ಹೆದರಬೇಡಿ ಯಜಮಾನ್ರೇ. ಅಂಗಡಿಯವರು ಹೇಳಿದ್ದರಲ್ಲಿ ಕಾಲು ಭಾಗ ನಿಜ, ಮುಕ್ಕಾಲು ಭಾಗ ಅವರ ವ್ಯಾಪಾರ.

ಡಬ್ಲ್ಯೂಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಇರುವುದು ಸರ್ಕಾರಗಳ ನಡುವೆ. ಅದನ್ನು ಹಿಡಿದುಕೊಂಡು ಯಾವ ಕಂಪನಿಯೂ ನೇರವಾಗಿ ನಿಮ್ಮ ಹೊಲಕ್ಕೆ ಬರುವ ಹಾಗಿಲ್ಲ. ನಿಮಗೆ ತಾಗುವುದು ನಮ್ಮ ಪಾರ್ಲಿಮೆಂಟು ಮಾಡಿದ ಕಾನೂನು ಮಾತ್ರ. ಅದೇ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಹೆಸರಲ್ಲೇ ರೈತರ ಹಕ್ಕು ಇದೆ ನೋಡಿ.

ಅದರ 39ನೇ ಸೆಕ್ಷನ್ ನಿಮ್ಮದು. ರಿಜಿಸ್ಟರ್ ಆದ ತಳಿಯಾದರೂ ರೈತ ಬೀಜ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಒಂದೇ ಒಂದು ಕಟ್ಟು: ಬ್ರ್ಯಾಂಡ್ ಮಾಡಿ ಮಾರಬಾರದು. ಅಂದರೆ ಚೀಲಕ್ಕೋ ಡಬ್ಬಕ್ಕೋ ತುಂಬಿ, ಇದು ಇಂಥ ರಿಜಿಸ್ಟರ್ ಆದ ತಳಿ ಅಂತ ತೋರಿಸುವ ಲೇಬಲ್ ಹಾಕಬಾರದು.

ಇನ್ನೊಂದು, 1966ರ ಬೀಜ ಕಾಯ್ದೆ. ತಾನೇ ಬೆಳೆದ ಬೀಜವನ್ನು ತನ್ನ ಜಾಗದಲ್ಲೇ, ಬಿತ್ತುವವನ ಕೈಗೆ ನೇರವಾಗಿ ಕೊಟ್ಟರೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ 24ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ವ್ಯವಹಾರ ಮನೆ ಹತ್ತಿರವೇ ಇರಲಿ. ಸಂತೆಯಲ್ಲಿ ಅಂಗಡಿ ಹಾಕಿದರೆ ಕಥೆ ಬೇರೆ.

ಪ್ರಶ್ನೆ (ಅವರೇ):
ಹಾಗಾದರೆ ಗುಜರಾತಿನಲ್ಲಿ ಆಲೂಗಡ್ಡೆ ರೈತರ ಮೇಲೆ ಕೇಸು ಹಾಕಿದ್ದು ಸುಳ್ಳಾ? ಅಂಗಡಿಯವರು ಅದನ್ನೇ ತೋರಿಸಿದರು.

ಉತ್ತರ:
ಸುಳ್ಳಲ್ಲ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಎಫ್‌ಎಲ್ 2027 ಅನ್ನೋ ತಳಿಯ ಆಲೂಗಡ್ಡೆ ಬೆಳೆದರು ಅಂತ ನಾಲ್ಕು ಜನ ರೈತರ ಮೇಲೆ ತಲಾ 1.05 ಕೋಟಿ ರೂಪಾಯಿ ಕೇಳಿ ಕೇಸು ಹಾಕಿತ್ತು. ದೇಶವೆಲ್ಲಾ ಗಲಾಟೆಯಾಯ್ತು. ಅದೇ ಮೇ ತಿಂಗಳಲ್ಲಿ ಕೇಸು ವಾಪಸ್ ತೆಗೆದುಕೊಂಡರು. ಆಮೇಲಿನ ಜಗಳ ತಳಿಯ ರಿಜಿಸ್ಟ್ರೇಷನ್ ಮೇಲೆ: 2021ರ ಡಿಸೆಂಬರಿನಲ್ಲಿ ಈ ಕಾಯ್ದೆಯಡಿ ತಳಿ ರಿಜಿಸ್ಟರ್ ಮಾಡುವ ಪ್ರಾಧಿಕಾರ ಅದನ್ನು ರದ್ದು ಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಆ ರದ್ದತಿಯನ್ನು ತಳ್ಳಿಹಾಕಿತು. ಕಂಪನಿಯ ರಿಜಿಸ್ಟ್ರೇಷನ್ ಉಳಿಯಿತು, 39ನೇ ಸೆಕ್ಷನ್ನೂ ಉಳಿದಿದೆ. ನನಗೆ ಬೇಜಾರು ಒಂದೇ. ಆ ನಾಲ್ಕು ಕೇಸು ನಡೆದು ತೀರ್ಪು ಬಂದಿದ್ದರೆ ಈ ಅಂಗಡಿಯವರಿಗೆ ತೋರಿಸೋಕೆ ಒಂದು ಕಾಗದ ಇರ್ತಿತ್ತು.

ಪ್ರಶ್ನೆ (ಶ್ರೀನಿವಾಸಪುರದ ಟೊಮೇಟೊ ಬೆಳೆಗಾರರು):
ಸಾರ್, ಮಧ್ಯೆ ಬಾಯಿ ಹಾಕ್ತಿದ್ದೇನೆ. ಹಾಗಂದರೆ ನಾನೂ ಹೈಬ್ರಿಡ್ ಟೊಮೇಟೊ ಬೀಜ ಎತ್ತಿಟ್ಟುಕೊಳ್ಳಬಹುದಾ? ಪ್ಯಾಕೆಟ್ ರೇಟು ಕೇಳಿದರೆ ತಲೆ ತಿರುಗುತ್ತೆ.

ಉತ್ತರ:
ಕಾನೂನು ಬೇಡ ಅನ್ನಲ್ಲ ಅಣ್ಣ, ಗಿಡವೇ ಬೇಡ ಅನ್ನುತ್ತೆ. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ. ಒಂದು ಅಪ್ಪನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ. ಕೋಲಾರ ಮಂಡಿಯಲ್ಲಿ ಆ ಬಾಕ್ಸಿಗೆ ಎಂಥ ಬೆಲೆ ಸಿಗುತ್ತೆ ಅಂತ ನಿಮಗೇ ಗೊತ್ತು. ಕಡಲೆಕಾಯಿ, ರಾಗಿ ತಮ್ಮೊಳಗೇ ಪರಾಗ ಕಟ್ಟಿಕೊಳ್ಳುವ ಬೆಳೆ, ಅವುಗಳ ನೇರ ತಳಿ, ಅಂದರೆ ಹೈಬ್ರಿಡ್ ಅಲ್ಲದ್ದು, ವರ್ಷ ವರ್ಷವೂ ಹೆಚ್ಚುಕಮ್ಮಿ ಹಾಗೇ ಬರುತ್ತದೆ. ಹೈಬ್ರಿಡ್ಡಿನಲ್ಲಿ ಕಂಪನಿಗೆ ಕಾನೂನಿಗಿಂತ ದೊಡ್ಡ ಬೀಗ ಇದೇ.

ನಿಮಗೆ ಉಪಯೋಗ ಆಗುವ ಮಾತು ಬೇರೆ ಇದೆ. ರಿಜಿಸ್ಟರ್ ಆದ ತಳಿ ಮಾರುವವರು ಅದು ಯಾವ ಪರಿಸ್ಥಿತಿಯಲ್ಲಿ ಎಷ್ಟು ಫಸಲು ಕೊಡುತ್ತೆ ಅಂತ ರೈತನಿಗೆ ತಿಳಿಸಬೇಕು. ಹೇಳಿದ ಹಾಗೆ ಬರದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಅದೂ 39ರಲ್ಲೇ ಇದೆ. ಬಿಲ್ಲು, ಖಾಲಿ ಪ್ಯಾಕೆಟ್ಟು ಎರಡನ್ನೂ ಎಸೆಯಬೇಡಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಪ್ಯಾಕೆಟ್ಟನ್ನು ಒಲೆಗೆ ಹಾಕಿಯೇ ಬಂದಿರುತ್ತಾರೆ.

ಪ್ರಶ್ನೆ (ತುಮಕೂರಿನ ಲಾ ವಿದ್ಯಾರ್ಥಿನಿ):
ಸರ್, ಡಬ್ಲ್ಯೂಟಿಒ ಸೇರಿದ ಮೇಲೆ ಅವರು ಹೇಳಿದಂತೆ ನಡೆಯಬೇಕಲ್ವಾ? ಇಷ್ಟು ಸಡಿಲ ಕಾನೂನು ಮಾಡೋಕೆ ಬಿಟ್ಟಿದ್ದು ಹೇಗೆ?

ಉತ್ತರ:
ಒಳ್ಳೆ ಪ್ರಶ್ನೆ ತಾಯಿ. ಸುಮ್ನೆ ಬಿಡಲಿಲ್ಲ. ಅಮೆರಿಕ ಡಬ್ಲ್ಯೂಟಿಒದಲ್ಲಿ ಹೂಡಿದ್ದ ದೂರಿನಲ್ಲಿ 1997ರಲ್ಲಿ ನಾವು ಸೋತೆವು. ಔಷಧ ಮತ್ತು ಕೃಷಿ ರಾಸಾಯನಿಕಗಳ ಪೇಟೆಂಟ್ ಅರ್ಜಿಗಳನ್ನು 1995ರಿಂದಲೇ ಸರಿಯಾಗಿ ತೆಗೆದಿಡುವ ಏರ್ಪಾಡು ಮಾಡಿಲ್ಲ ಅನ್ನೋದು ಆರೋಪ. 1999ರಲ್ಲಿ ಪೇಟೆಂಟ್ ಕಾಯ್ದೆ ತಿದ್ದಬೇಕಾಯ್ತು. ಒಪ್ಪಿದ ಮಾತಿಗೆ ತಪ್ಪಿದರೆ ಬೆಲೆ ಕಟ್ಟಲೇಬೇಕು.

ಆದರೆ ತಳಿಯ ವಿಷಯದಲ್ಲಿ ಒಪ್ಪಿದ ಮಾತೇ ಸಡಿಲ. ಪೇಟೆಂಟ್‌ನಂಥ ಬೌದ್ಧಿಕ ಆಸ್ತಿ ಹಕ್ಕುಗಳ ಬಗ್ಗೆ ಡಬ್ಲ್ಯೂಟಿಒದಲ್ಲಿರುವ ಟ್ರಿಪ್ಸ್ ಒಪ್ಪಂದದ 27.3(ಬಿ) ಓದಿ. ತಳಿಗೆ ಪೇಟೆಂಟ್ ಕೊಡಿ, ಇಲ್ಲವೇ ಪರಿಣಾಮಕಾರಿಯಾದ ನಿಮ್ಮದೇ ವ್ಯವಸ್ಥೆ ಮಾಡಿಕೊಳ್ಳಿ, ಎರಡನ್ನೂ ಸೇರಿಸಿಯಾದರೂ ಮಾಡಿ ಅನ್ನುತ್ತದೆ. ಹೊಸ ತಳಿ ಮಾಡಿದವರ ಹಕ್ಕು ಕಾಯುವ ಯುಪೊವ್ ಅನ್ನೋ ದೇಶಗಳ ಒಕ್ಕೂಟವನ್ನೇ ಸೇರಿ ಅಂತ ಅಲ್ಲಿ ಎಲ್ಲೂ ಇಲ್ಲ. ಯುಪೊವ್‌ನ 1991ರ ನಿಯಮದಲ್ಲಿ ಎತ್ತಿಟ್ಟ ಬೀಜವನ್ನು ಸ್ವಂತ ಜಮೀನಿಗೆ ಬಿತ್ತಿಕೊಳ್ಳೋಕೆ ಬಿಡಬೇಕೋ ಬೇಡವೋ ಅನ್ನೋದೂ ಆಯಾ ದೇಶದ ಇಷ್ಟ. ಪಕ್ಕದವನಿಗೆ ಮಾರೋ ಮಾತು ದೂರ. ನಾವು ಆ ಒಕ್ಕೂಟ ಸೇರಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕೂಡ ಗಿಡ, ಬೀಜ, ತಳಿಗೆ ಪೇಟೆಂಟ್ ಇಲ್ಲ ಅನ್ನುತ್ತದೆ.

ಇದರ ಹಿಂದೆ ನಮ್ಮವರ ಕೂಗೂ ಇತ್ತು. ಡಬ್ಲ್ಯೂಟಿಒ ಒಪ್ಪಂದಗಳ ಕರಡಾಗಿದ್ದ ಡಂಕಲ್ ಪ್ರಸ್ತಾವದ ದಿನಗಳಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನಲ್ಲಿ ಬೀಜದ ಹಕ್ಕಿಗಾಗಿ ಬೀದಿಗಿಳಿದಿತ್ತು. ಆಗ ನಾನು ಪ್ರೈಮರಿ ಸ್ಕೂಲು. ಡಂಕಲ್ ಅಂದರೆ ಏನೋ ಕಾಯಿಲೆ ಅಂದುಕೊಂಡಿದ್ದೆ.

ಈಗ ಕಣ್ಣಿಡಬೇಕಾದ್ದು ದೇಶ ದೇಶಗಳ ಜೊತೆ ಬಿಡಿಬಿಡಿಯಾಗಿ ಆಗುವ ವ್ಯಾಪಾರ ಒಪ್ಪಂದಗಳ ಮೇಲೆ. ಟ್ರಿಪ್ಸ್ ಕೇಳದೇ ಬಿಟ್ಟದ್ದನ್ನು ಅಲ್ಲಿ ಕೇಳುವ ಅಭ್ಯಾಸ ಶ್ರೀಮಂತ ದೇಶಗಳಿಗಿದೆ.

ಪ್ರಶ್ನೆ (ಪಾವಗಡದವರು ಮತ್ತೆ):
ವಕೀಲರೇ, ಒಂದು ಹೇಳೋದು ಮರೆತಿದ್ದೆ. ಕಲಸಿಹೋಗಬಾರದು ಅಂತ ಮೂರು ಗೋಣಿಚೀಲದ ಮೇಲೆ ತಳಿ ಹೆಸರು ಮಾರ್ಕರ್‌ನಲ್ಲಿ ಬರೆದುಕೊಟ್ಟಿದ್ದೇನೆ.

ಉತ್ತರ:
ಅಯ್ಯೋ, ಅದನ್ನೇ ಬೇಡ ಅಂದಿದ್ದು! ಅಂಗಡಿಯವರ ಕೈಗೆ ಆ ಚೀಲ ಸಿಕ್ಕರೆ ‘ಲೇಬಲ್’ ಅಂತ ವಾದ ಮಾಡ್ತಾರೆ. ತಳಿ ರಿಜಿಸ್ಟರ್ ಆಗಿದೆ ಅಂತ ನಿಮಗೆ ಗೊತ್ತಿರಲಿಲ್ಲ ಅಂದರೆ 42ನೇ ಸೆಕ್ಷನ್ ರಕ್ಷಣೆ ಕೊಡುತ್ತೆ, ಆದರೆ ಇವತ್ತಿನಿಂದ ಗೊತ್ತಾಯ್ತಲ್ಲ. ಆ ಮೂರು ಮನೆಗೆ ಹೋಗಿ ಚೀಲ ಬದಲಾಯಿಸಿ ಬನ್ನಿ. ಇನ್ನು ಮುಂದೆ ಗುರುತಿಗೆ ಬೇರೆ ಬಣ್ಣದ ದಾರದಲ್ಲಿ ಬಾಯಿ ಕಟ್ಟಿ, ಸಾಕು.